ಜಾನಿ ವಿಲ್ಕಿನ್ಸನ್: ಬಲಗಾಲಿನ ಒಂದು ಒದೆತ, ಅದರ ನಂತರದ 1,169 ದಿನಗಳು

ವಿಶ್ವಕಪ್ ಫೈನಲ್‌ಗಳ ಕೊನೆಯ ನಿಮಿಷಗಳ ಬಗ್ಗೆ ಹಿಂದೊಮ್ಮೆ ಇದೇ ಅಂಕಣದಲ್ಲಿ ಉತ್ತರಿಸುವಾಗ, ಇಂಗ್ಲೆಂಡಿನ ನಿವೃತ್ತ ರಗ್ಬಿ ಆಟಗಾರ ಜಾನಿ ವಿಲ್ಕಿನ್ಸನ್ ಅವರು ಕಾಲಿನಿಂದ ಒದ್ದು ತಮ್ಮ ದೇಶಕ್ಕೆ ವಿಶ್ವಕಪ್ ತಂದುಕೊಟ್ಟರು ಎಂದು ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಸಾಗಿದ್ದೆ. ಅಷ್ಟು ಸಾಲದು ಎಂದು ಹಲವು ಓದುಗರು ಬರೆದಿದ್ದಾರೆ. ಆ ಪತ್ರಗಳಲ್ಲಿ ಕೆಲವನ್ನು ಆಯ್ದು, ಈ ಸಲದ ಅಂಕಣವನ್ನು ಪೂರ್ತಿಯಾಗಿ ಅವರೊಬ್ಬರಿಗೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನಾನು ರಗ್ಬಿಯನ್ನು ನೋಡಿಯೇ ಇಲ್ಲ. ಅದು ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟವಲ್ಲವೇ? ಹಾಗಿದ್ದರೆ ವಿಶ್ವಕಪ್ ಗೆದ್ದುಕೊಟ್ಟ ಆ ಒದೆತ ಯಾವುದು, ಅದರಲ್ಲಿ ಅಂಥದ್ದೇನಿತ್ತು? (ಕಾಲೇಜು ವಿದ್ಯಾರ್ಥಿನಿ, ಧಾರವಾಡ)

ಉತ್ತರ: ನೀವು ಹೇಳುವುದು ಸರಿ. ರಗ್ಬಿ ಯೂನಿಯನ್‌ನಲ್ಲಿ ಒಂದೊಂದು ತಂಡಕ್ಕೆ 15 ಜನ, ಆಟದ ಅವಧಿ 80 ನಿಮಿಷ. ಮೊಟ್ಟೆಯಾಕಾರದ ಚೆಂಡನ್ನು ಹಿಡಿದು ಎಷ್ಟು ಬೇಕಾದರೂ ಮುನ್ನುಗ್ಗಬಹುದು, ಆದರೆ ಜೊತೆಗಾರನಿಗೆ ಕೈಯಿಂದ ದಾಟಿಸುವಾಗ ಮುಂದಕ್ಕೆ ಎಸೆಯುವಂತಿಲ್ಲ. ಎದುರಾಳಿಯ ಗೆರೆಯಾಚೆ ಚೆಂಡನ್ನು ನೆಲಕ್ಕೆ ಊರಿದರೆ ಅದನ್ನು ಟ್ರೈ ಎನ್ನುತ್ತಾರೆ, ಅದಕ್ಕೆ 5 ಅಂಕ. ಅದರ ಬೆನ್ನಿಗೆ ಸಿಗುವ ಒದೆತ ಗುರಿ ಮುಟ್ಟಿದರೆ ಇನ್ನೂ 2. ಎದುರಾಳಿ ತಪ್ಪೆಸಗಿದಾಗ ಸಿಗುವ ಪೆನಾಲ್ಟಿಯನ್ನು ಎಚ್ ಅಕ್ಷರದಂತಿರುವ ಕಂಬಗಳ ನಡುವೆ, 3 ಮೀಟರ್ ಎತ್ತರದ ಅಡ್ಡಪಟ್ಟಿಯ ಮೇಲಿಂದ ಹಾಯಿಸಿದರೆ 3 ಅಂಕ. ಈ ಎರಡು ಒದೆತಗಳಿಗೂ ಚೆಂಡನ್ನು ನಿಲ್ಲಿಸಿಕೊಂಡು, ಉಸಿರು ಹಿಡಿತಕ್ಕೆ ತಂದುಕೊಂಡು ಸಿದ್ಧವಾಗಲು ಸಮಯವಿರುತ್ತದೆ. ಡ್ರಾಪ್ ಗೋಲ್ ಹಾಗಲ್ಲ. ಆಟ ನಡೆಯುತ್ತಿರುವಾಗಲೇ, ಕಬಡ್ಡಿಯಲ್ಲಿ ರೈಡರ್ ಮೇಲೆ ಮುಗಿಬೀಳುವಂತೆ ಎದುರಾಳಿಗಳು ನುಗ್ಗಿ ಬರುತ್ತಿರುವಾಗಲೇ, ಚೆಂಡನ್ನು ಕೈಯಿಂದ ಕೆಳಕ್ಕೆ ಬಿಟ್ಟು ಅದು ನೆಲ ಮುಟ್ಟಿ ಮೇಲೇಳುವ ಕ್ಷಣಕ್ಕೆ ಸರಿಯಾಗಿ ಒದೆಯಬೇಕು. ದುಂಡಗಿಲ್ಲದ ಚೆಂಡು ಬಿದ್ದ ಕೋನಕ್ಕೆ ತಕ್ಕಂತೆ ಎತ್ತಲೋ ಪುಟಿಯುವುದರಿಂದ, ಈ ಒದೆತದಲ್ಲಿ ಅರ್ಧ ಕೆಲಸ ಕಾಲಿನದಾದರೆ ಇನ್ನರ್ಧ ಕೈಯದು. ಗುರಿ ಮುಟ್ಟಿದರೆ 3 ಅಂಕ.

2003ರ ನವೆಂಬರ್ 22ರಂದು ಸಿಡ್ನಿಯಲ್ಲಿ ವಿಶ್ವಕಪ್ ಫೈನಲ್ ನಡೆಯಿತು. ಒಂದು ಕಡೆ ಆತಿಥೇಯ ಆಸ್ಟ್ರೇಲಿಯಾ, ಇನ್ನೊಂದು ಕಡೆ ಇಂಗ್ಲೆಂಡ್, ಅಂಗಣದಲ್ಲಿ 82,957 ಪ್ರೇಕ್ಷಕರು. ವಾರದ ಹಿಂದೆ ಸೆಮಿಫೈನಲ್‌ನಲ್ಲಿ ಫ್ರಾನ್ಸ್ ವಿರುದ್ಧ ಇಂಗ್ಲೆಂಡ್ 24–7ರಿಂದ ಗೆದ್ದಾಗ ಆ 24 ಅಂಕಗಳನ್ನೂ ವಿಲ್ಕಿನ್ಸನ್ ಒಬ್ಬರೇ ಗಳಿಸಿದ್ದರು. ಫೈನಲ್‌ನಲ್ಲಿ 80 ನಿಮಿಷ ಮುಗಿದಾಗ 14–14. ಹೆಚ್ಚುವರಿ ಅವಧಿಯಲ್ಲಿ ವಿಲ್ಕಿನ್ಸನ್ ದೂರದ ಪೆನಾಲ್ಟಿಯೊಂದರಿಂದ 17–14 ಮಾಡಿದರು. ಇನ್ನೇನು ಮುಗಿಯಿತು ಎನ್ನುವಾಗ ಆಸ್ಟ್ರೇಲಿಯಾದ ಎಲ್ಟನ್ ಫ್ಲಾಟ್ಲಿ ಅಷ್ಟೇ ಧೈರ್ಯದಿಂದ ಅದನ್ನು 17–17ಕ್ಕೆ ಸರಿಗಟ್ಟಿದರು. ಮುಂದಿನದನ್ನು ನಿಧಾನವಾಗಿ ಓದಬೇಕು. ಅಂಚಿನ ಗೆರೆಯ ಹೊರಗಿನಿಂದ ಸ್ಟೀವ್ ಥಾಂಪ್ಸನ್ ಎಸೆದ ಚೆಂಡನ್ನು ಸಾಲಿನ ಕೊನೆಯಲ್ಲಿದ್ದ ಲೂಯಿಸ್ ಮೂಡಿ ಎಗರಿ ಹಿಡಿದರು. ಮೈಕ್ ಕ್ಯಾಟ್ ಅದನ್ನು ಹಿಡಿದು ನೇರವಾಗಿ ಎದುರಾಳಿಗಳ ಗೋಡೆಗೆ ನುಗ್ಗಿದರು. ಚೆಂಡನ್ನು ವಿಲ್ಕಿನ್ಸನ್ ಅವರಿಗೆ ತಲುಪಿಸಬೇಕಾಗಿದ್ದ ಮ್ಯಾಟ್ ಡಾಸನ್ ಸಂದಿಯೊಂದನ್ನು ಕಂಡು ತಾವೇ ನುಸುಳಿ ಓಡಿದರು, ಆಳುಗಳ ರಾಶಿಯ ಅಡಿಯಲ್ಲಿ ಸಿಕ್ಕಿಕೊಂಡರು. ಅವರು ಎದ್ದು ತಮ್ಮ ಜಾಗಕ್ಕೆ ಬರುವವರೆಗೆ ಸಮಯ ಬೇಕಿತ್ತು. ನಾಯಕ ಮಾರ್ಟಿನ್ ಜಾನ್ಸನ್ ಚೆಂಡನ್ನೆತ್ತಿಕೊಂಡು ಮತ್ತೊಮ್ಮೆ ಮೈಯೊಡ್ಡಿ ಆ ಕೆಲವು ಸೆಕೆಂಡುಗಳನ್ನು ಗಳಿಸಿಕೊಟ್ಟರು. ಆಗ ಚೆಂಡು ಹಿಂದಕ್ಕೆ ಬಂತು. ವಿಲ್ಕಿನ್ಸನ್ ಎಡಗಾಲಿನ ಆಟಗಾರ. ಅಂದಿನ ಪಂದ್ಯದಲ್ಲಿ ಅದಕ್ಕೆ ಮೊದಲು ಪ್ರಯತ್ನಿಸಿದ ಡ್ರಾಪ್ ಗೋಲ್‌ಗಳು ಗುರಿ ತಪ್ಪಿದ್ದವು. ಈ ಸಲ ಅವರು ಒದ್ದದ್ದು ಬಲಗಾಲಿನಿಂದ. ಚೆಂಡು ಕಂಬಗಳ ನಡುವೆ ಹಾದುಹೋದಾಗ ಉಳಿದಿದ್ದದ್ದು 26 ಸೆಕೆಂಡು. ಇಂಗ್ಲೆಂಡ್ 20, ಆಸ್ಟ್ರೇಲಿಯಾ 17. ಭೂಮಿಯ ಉತ್ತರಾರ್ಧದ ಒಂದು ದೇಶಕ್ಕೆ ರಗ್ಬಿ ವಿಶ್ವಕಪ್ ದಕ್ಕಿದ್ದು ಅದೇ ಮೊದಲು.

ಪ್ರಶ್ನೆ: ಎರಡೂ ಕಾಲುಗಳಲ್ಲಿ ಅಷ್ಟು ಹಿಡಿತ ಹುಟ್ಟಿನಿಂದ ಬಂದದ್ದೇ, ಕಲಿತದ್ದೇ? ನನ್ನ ವಿದ್ಯಾರ್ಥಿಗಳಿಗೆ ಹೇಳಬೇಕಾಗಿದೆ. (ದೈಹಿಕ ಶಿಕ್ಷಣ ಶಿಕ್ಷಕರು, ಹಾಸನ)

ಉತ್ತರ: ಕಲಿತದ್ದು ಎಂದು ನಿಸ್ಸಂಕೋಚವಾಗಿ ಹೇಳಿ. ವಿಲ್ಕಿನ್ಸನ್ ಹುಟ್ಟಿದ್ದು 1979ರ ಮೇ 25ರಂದು, ಇಂಗ್ಲೆಂಡಿನ ಸರ್ರಿ ಪ್ರಾಂತ್ಯದ ಫ್ರಿಮ್ಲಿಯಲ್ಲಿ. ರಗ್ಬಿ ಯೂನಿಯನ್ ಅಧಿಕೃತವಾಗಿ ವೃತ್ತಿಪರ ಆಟವಾದದ್ದು 1995ರಲ್ಲಿ. ಅಲ್ಲಿಯವರೆಗೆ ದೇಶಕ್ಕಾಗಿ ಆಡುವವರೂ ವಾರವಿಡೀ ಬೇರೆ ಉದ್ಯೋಗ ಮಾಡಿಕೊಂಡಿದ್ದು ಆಡಬೇಕಿತ್ತು. ಹೀಗಾಗಿ 1997ರಲ್ಲಿ ಶಾಲೆ ಮುಗಿಸಿ, ಕಾಲೇಜಿಗೆ ಹೋಗುವ ಬದಲು ನ್ಯೂಕ್ಯಾಸಲ್ ಕ್ಲಬ್ ಸೇರಿದ ಈ ಹುಡುಗ, ರಗ್ಬಿಯೊಂದನ್ನೇ ಉದ್ಯೋಗವಾಗಿ ಆರಂಭಿಸಿದ ಮೊದಲ ತಲೆಮಾರಿಗೆ ಸೇರಿದವರು. ದಿನವಿಡೀ ಅಭ್ಯಾಸ ಮಾಡುವ ಅವಕಾಶ ಆ ತಲೆಮಾರಿಗೆ ಸಿಕ್ಕಿತು. ಆ ಅವಕಾಶವನ್ನು ವಿಲ್ಕಿನ್ಸನ್ ಬಳಸಿಕೊಂಡಷ್ಟು ತೀವ್ರವಾಗಿ ಬಳಸಿಕೊಂಡವರು ವಿರಳ.

1998ರ ಏಪ್ರಿಲ್ 4ರಂದು ಐರ್ಲೆಂಡ್ ವಿರುದ್ಧದ ಪಂದ್ಯದಲ್ಲಿ ಬದಲಿ ಆಟಗಾರನಾಗಿ ಇಂಗ್ಲೆಂಡ್ ತಂಡಕ್ಕೆ ಕಾಲಿಟ್ಟಾಗ ಅವರಿಗಿನ್ನೂ 18 ವರ್ಷ. 71 ವರ್ಷಗಳಲ್ಲಿ ಅಷ್ಟು ಚಿಕ್ಕ ವಯಸ್ಸಿನವರು ಯಾರೂ ಆ ತಂಡಕ್ಕೆ ಆಡಿರಲಿಲ್ಲ. ಎರಡು ತಿಂಗಳ ನಂತರ ಬ್ರಿಸ್ಬೇನ್‌ನಲ್ಲಿ ಆಸ್ಟ್ರೇಲಿಯಾ ಇಂಗ್ಲೆಂಡನ್ನು 76–0ರಿಂದ ಮಣ್ಣುಮುಕ್ಕಿಸಿತು. ಆ ದಿನ 10ನೇ ಸಂಖ್ಯೆಯ ಅಂಗಿ ತೊಟ್ಟು ತಂಡದ ಆಟವನ್ನು ನಡೆಸಬೇಕಾಗಿದ್ದವರು ಇದೇ ಹುಡುಗ. 10ನೇ ಸಂಖ್ಯೆ ಎಂದರೆ ಫ್ಲೈ-ಹಾಫ್: ಚೆಂಡನ್ನು ಓಡಿಸಬೇಕೇ, ದಾಟಿಸಬೇಕೇ, ಒದೆಯಬೇಕೇ ಎಂದು ಪ್ರತಿ ಸಲವೂ ನಿರ್ಧರಿಸುವವನು. ಸೋಲಿನ ಹೊಣೆಯೂ ಮೊದಲು ಅವನ ಮೇಲೆಯೇ ಬರುತ್ತದೆ. ನಿಮ್ಮ ವಿದ್ಯಾರ್ಥಿಗಳಿಗೆ ಸಿಡ್ನಿಯ ಕಥೆ ಹೇಳುವ ಮೊದಲು ಬ್ರಿಸ್ಬೇನಿನ ಈ ಅಂಕವನ್ನು ಕಪ್ಪುಹಲಗೆಯ ಮೇಲೆ ಬರೆಯಿರಿ ಎಂಬುದು ನನ್ನ ಸಲಹೆ.

ಒದೆತದ ತರಬೇತುದಾರ ಡೇವ್ ಆಲ್ರೆಡ್ ಅವರೊಂದಿಗೆ ವಿಲ್ಕಿನ್ಸನ್ ವರ್ಷಗಟ್ಟಲೆ ದುಡಿದರು. ಕಂಬಗಳ ನಡುವೆ ಎಲ್ಲಾದರೂ ಹೋಗಲಿ ಎಂಬಂತೆ ಒದೆಯುವುದು ಅವರ ಪದ್ಧತಿಯಾಗಿರಲಿಲ್ಲ. ಕಂಬಗಳ ಹಿಂದಿನ ಆಸನಗಳಲ್ಲಿ ಡೋರಿಸ್ ಎಂಬ ಹೆಂಗಸು ಕುಳಿತಿದ್ದಾಳೆಂದು ಕಲ್ಪಿಸಿಕೊಂಡು, ಚೆಂಡು ಆಕೆಯ ಬಳಿಗೇ ಹೋಗಬೇಕೆಂದು ಗುರಿಯನ್ನು ಚಿಕ್ಕದಾಗಿಸಿಕೊಳ್ಳುತ್ತಿದ್ದರು. ಗುರಿ ಚಿಕ್ಕದಾದಷ್ಟೂ ತಪ್ಪಿನ ಅಂತರವೂ ಚಿಕ್ಕದಾಗುತ್ತದೆ ಎಂಬುದು ಅದರ ಹಿಂದಿನ ತರ್ಕ. ಅಭ್ಯಾಸ ಮುಗಿಸುವ ಮುನ್ನ ಸಾಲಾಗಿ ಆರು ಒದೆತಗಳು ಮನಸ್ಸಿಗೆ ಒಪ್ಪಬೇಕು. ಆರನೆಯದು ತಪ್ಪಿದರೆ ಮತ್ತೆ ಒಂದರಿಂದ ಎಣಿಕೆ. ಉಳಿದ ಆಟಗಾರರು ಮನೆ ಸೇರಿದ ಮೇಲೂ ಅವರು ಬಯಲಿನಲ್ಲಿರುತ್ತಿದ್ದರು, ಎಡಗಾಲಿಗೆ ಕೊಟ್ಟ ಗಮನವನ್ನು ಬಲಗಾಲಿಗೂ ಕೊಡುತ್ತಿದ್ದರು. ಪೆನಾಲ್ಟಿ ಒದೆಯುವ ಮುನ್ನ ಅವರು ನಿಲ್ಲುತ್ತಿದ್ದ ಭಂಗಿಯನ್ನು ನೋಡಿದವರು ಮರೆಯಲಾರರು: ಮಂಡಿ ತುಸು ಬಾಗಿ, ಮೈ ಮುಂದಕ್ಕೆ ವಾಲಿ, ಎದೆಯ ಮುಂದೆ ಎರಡೂ ಕೈಗಳನ್ನು ಪ್ರಾರ್ಥನೆಯಂತೆ ಕೂಡಿಸಿ, ಕಣ್ಣು ಚೆಂಡಿನಿಂದ ಕಂಬಕ್ಕೆ, ಕಂಬದಿಂದ ಚೆಂಡಿಗೆ. ಇಂಗ್ಲೆಂಡಿನ ಮಕ್ಕಳು ಬೀದಿಬೀದಿಗಳಲ್ಲಿ ಆ ಭಂಗಿಯನ್ನು ಅನುಕರಿಸಿದರು. ಸುತ್ತಲಿನ ಗದ್ದಲವನ್ನು ಹೊರಗಿಟ್ಟು, ಒಂದೇ ಕೆಲಸದ ಮೇಲೆ ಮನಸ್ಸನ್ನು ನಿಲ್ಲಿಸಲು ಅವರು ಕಂಡುಕೊಂಡ ದಾರಿ ಅದು.

ಪ್ರಶ್ನೆ: 24ನೇ ವಯಸ್ಸಿಗೆ ವಿಶ್ವಕಪ್ ಗೆದ್ದ ಆಟಗಾರ ಆಮೇಲೆ ಕೆಲವು ವರ್ಷ ಇಂಗ್ಲೆಂಡ್ ತಂಡದಲ್ಲಿ ಕಾಣಲೇ ಇಲ್ಲವಂತೆ. ಏನಾಯಿತು? (ಬ್ಯಾಂಕ್ ನೌಕರರು, ಮೈಸೂರು)

ಉತ್ತರ: ಈ ಪ್ರಶ್ನೆಯನ್ನು ಯಾರಾದರೂ ಕೇಳಲಿ ಎಂದು ನಾನು ಕಾಯುತ್ತಿದ್ದೆ. ವಿಲ್ಕಿನ್ಸನ್ ಅವರ ವೃತ್ತಿಜೀವನವನ್ನು ಆ 26 ಸೆಕೆಂಡಿಗೆ ಕಟ್ಟಿಹಾಕುವುದು ಅನ್ಯಾಯ. ಅದರ ನಿಜವಾದ ತೂಕ ಇರುವುದು ಆಮೇಲಿನ ವರ್ಷಗಳಲ್ಲಿ ಎಂದು ನಾನು ನಂಬಿದ್ದೇನೆ.

ಫ್ಲೈ-ಹಾಫ್ ಆಟಗಾರರು ಸಾಮಾನ್ಯವಾಗಿ ದೈತ್ಯರೊಂದಿಗೆ ಡಿಕ್ಕಿಯಾಗದಂತೆ ಎಚ್ಚರ ವಹಿಸುತ್ತಿದ್ದ ಕಾಲದಲ್ಲಿ, ವಿಲ್ಕಿನ್ಸನ್ ತಮಗಿಂತ ಎಷ್ಟೋ ಹೆಚ್ಚು ತೂಕದವರನ್ನು ಎದುರಿನಿಂದಲೇ ಹೆಗಲು ಕೊಟ್ಟು ಕೆಡವುತ್ತಿದ್ದರು. ತಂಡಕ್ಕೆ ಅದು ವರವಾಯಿತು, ಅವರ ದೇಹಕ್ಕೆ ಹೊರೆಯಾಯಿತು. ಕುತ್ತಿಗೆಯಿಂದ ಹೆಗಲಿಗೆ ಇಳಿಯುವ ನರಕ್ಕೆ ಪೆಟ್ಟಾಗಿ 2004ರ ಆರಂಭದಲ್ಲಿ ಶಸ್ತ್ರಚಿಕಿತ್ಸೆ ನಡೆಯಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಅವರನ್ನು ಇಂಗ್ಲೆಂಡಿನ ನಾಯಕನೆಂದು ಘೋಷಿಸಲಾಯಿತು. ನಾಯಕನಾಗಿ ಅಂಗಣಕ್ಕೆ ಇಳಿಯುವ ಮೊದಲೇ ತೋಳಿಗೆ ಗಾಯವಾಯಿತು. ಆಮೇಲೆ ಮಂಡಿ. ಮತ್ತೆ ಅದೇ ಮಂಡಿ. 2005ರಲ್ಲಿ ಬ್ರಿಟನ್ ಮತ್ತು ಐರ್ಲೆಂಡುಗಳ ಸಂಯುಕ್ತ ತಂಡವಾದ ಲಯನ್ಸ್ ಜೊತೆ ನ್ಯೂಜಿಲೆಂಡಿಗೆ ಹೋಗಿ ಆಡಿದರು, ಅಲ್ಲಿ ಹೆಗಲಿಗೆ ಪೆಟ್ಟು ಬಿತ್ತು. ಅಪೆಂಡಿಕ್ಸ್, ತೊಡೆಸಂದು, ಕೊನೆಗೆ 2006ರ ನವೆಂಬರ್‌ನಲ್ಲಿ ಮೂತ್ರಪಿಂಡ. ಒಂದು ಗಾಯ ಮಾಯುವಷ್ಟರಲ್ಲಿ ಇನ್ನೊಂದು. ಪ್ರತಿ ಸಲವೂ ಆಸ್ಪತ್ರೆ, ವ್ಯಾಯಾಮ, ಅಭ್ಯಾಸ, ಮರಳುವ ದಿನಾಂಕದ ಪ್ರಕಟಣೆ, ಅದರ ಬೆನ್ನಿಗೇ ಮತ್ತೊಂದು ಹಿನ್ನಡೆ. ಅವರು ಮುಗಿದರು ಎಂದು ಪತ್ರಿಕೆಗಳು ಬರೆದವು. ಹಾಗೆ ಬರೆದವರನ್ನು ದೂರಲಾರೆ. ಅಂಥ ಪಟ್ಟಿಯನ್ನು ನೋಡಿದ ಯಾರಿಗಾದರೂ ಹಾಗೆಯೇ ಅನ್ನಿಸುತ್ತಿತ್ತು.

2007ರ ಫೆಬ್ರುವರಿ 3ರಂದು ಲಂಡನ್ನಿನ ಟ್ವಿಕೆನ್‌ಹ್ಯಾಮ್ ಅಂಗಣದಲ್ಲಿ, ಸಿಡ್ನಿಯ ಫೈನಲ್ ಮುಗಿದು 1,169 ದಿನಗಳಾದ ಮೇಲೆ, ವಿಲ್ಕಿನ್ಸನ್ ಮತ್ತೆ ಇಂಗ್ಲೆಂಡಿನ 10ನೇ ಸಂಖ್ಯೆಯ ಅಂಗಿ ತೊಟ್ಟರು. ಎದುರಾಳಿ ಸ್ಕಾಟ್ಲೆಂಡ್, ಪಣಕ್ಕಿಟ್ಟದ್ದು ಕಲ್ಕತ್ತಾ ಕಪ್. ಇಂಗ್ಲೆಂಡ್ 42–20ರಿಂದ ಗೆದ್ದಿತು. ಅದರಲ್ಲಿ 27 ಅಂಕ ಅವರದೇ. ಒಂದು ಟ್ರೈ, ಟ್ರೈ ನಂತರದ ಎರಡು ಒದೆತ, ಐದು ಪೆನಾಲ್ಟಿ, ಒಂದು ಡ್ರಾಪ್ ಗೋಲ್: ರಗ್ಬಿಯಲ್ಲಿ ಅಂಕ ಗಳಿಸಲು ಇರುವ ಈ ನಾಲ್ಕೂ ದಾರಿಗಳಲ್ಲಿ ಅವರು ಅಂದು ನಡೆದರು. ಅಂಗಣದ ಮೂಲೆಯಲ್ಲಿ ಗಳಿಸಿದ ಆ ಟ್ರೈ ಸಮಯದಲ್ಲಿ ಅವರ ಕಾಲು ಅಂಚಿನ ಗೆರೆಗೆ ತಗುಲಿದಂತೆ ಮರುಪ್ರಸಾರದಲ್ಲಿ ಕಾಣುತ್ತದೆ, ಸ್ಕಾಟ್ಲೆಂಡಿನವರ ಅಸಮಾಧಾನಕ್ಕೆ ಕಾರಣವಿತ್ತು ಎಂಬುದನ್ನೂ ಹೇಳಬೇಕು. ಆ 5 ಅಂಕಗಳನ್ನು ಕಳೆದರೂ ಅದು ಮೂರು ವರ್ಷ ದೇಶಕ್ಕಾಗಿ ಆಡದೆ ಇದ್ದವರ ಆಟವೆಂದು ನಂಬುವುದು ಕಷ್ಟ.

ಅದೇ ವರ್ಷ ಫ್ರಾನ್ಸ್‌ನಲ್ಲಿ ನಡೆದ ವಿಶ್ವಕಪ್‌ನಲ್ಲಿ ಇಂಗ್ಲೆಂಡ್ ಗುಂಪಿನ ಹಂತದಲ್ಲಿಯೇ ದಕ್ಷಿಣ ಆಫ್ರಿಕಾಕ್ಕೆ 36–0ರಿಂದ ಸೋತಿತ್ತು. ಕಾಲಿನ ಗಿಣ್ಣಿನ ಗಾಯದಿಂದಾಗಿ ವಿಲ್ಕಿನ್ಸನ್ ಆ ಪಂದ್ಯದಲ್ಲಿ ಆಡಿರಲಿಲ್ಲ. ಅವರು ಮರಳಿದ ಮೇಲೆ ಕ್ವಾರ್ಟರ್‌ಫೈನಲ್‌ನಲ್ಲಿ ಆಸ್ಟ್ರೇಲಿಯಾವನ್ನು 12–10ರಿಂದ ಮಣಿಸಿದಾಗ 12 ಅಂಕಗಳೂ ಅವರ ಕಾಲಿನಿಂದ ಬಂದವು. ಸೆಮಿಫೈನಲ್‌ನಲ್ಲಿ ಆತಿಥೇಯ ಫ್ರಾನ್ಸ್ ಸೋತಿತು. ಫೈನಲ್‌ನಲ್ಲಿ ಮತ್ತೆ ದಕ್ಷಿಣ ಆಫ್ರಿಕಾ ಎದುರಾಗಿ 15–6ರಿಂದ ಗೆದ್ದಿತು. ಎರಡನೆಯ ವಿಶ್ವಕಪ್ ಕೈಗೆ ಬರಲಿಲ್ಲ.

ಪ್ರಶ್ನೆ: ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ಆಡುವ ಪಂದ್ಯಕ್ಕೆ ನಾನಿರುವ ಊರಿನ ಹೆಸರು ಏಕೆ ಬಂತು? (ಕೋಲ್ಕತ್ತಾದಲ್ಲಿ ನೆಲೆಸಿರುವ ಕನ್ನಡಿಗರು)

ಉತ್ತರ: ಆ ಕಪ್ಪಿನ ಬೆಳ್ಳಿ ನಿಮ್ಮ ಊರಿನದೇ ಆಗಿರುವುದರಿಂದ. 1872ರ ಕ್ರಿಸ್‌ಮಸ್ ದಿನ ಕಲ್ಕತ್ತೆಯಲ್ಲಿದ್ದ ಬ್ರಿಟಿಷರು ಎರಡು ತಂಡಗಳಾಗಿ ರಗ್ಬಿ ಆಡಿದರು, ಮರುವರ್ಷದ ಜನವರಿಯಲ್ಲಿ ಕಲ್ಕತ್ತಾ ಫುಟ್‌ಬಾಲ್ ಕ್ಲಬ್ ಹುಟ್ಟಿತು. ಕೆಲವೇ ವರ್ಷಗಳಲ್ಲಿ ಪೋಲೋ, ಟೆನಿಸ್‌ಗಳ ಕಡೆ ಜನರ ಒಲವು ತಿರುಗಿ ಕ್ಲಬ್ ಮುಚ್ಚಬೇಕಾದಾಗ, ಸದಸ್ಯರು ಬ್ಯಾಂಕಿನಲ್ಲಿದ್ದ ಹಣವನ್ನು ಬೆಳ್ಳಿ ರೂಪಾಯಿಗಳಾಗಿ ತೆಗೆಸಿ, ಕರಗಿಸಿ, ಕಪ್ ಮಾಡಿಸಿ ಇಂಗ್ಲೆಂಡಿನ ರಗ್ಬಿ ಸಂಸ್ಥೆಗೆ ಕೊಟ್ಟರು. ಅದರ ಮೂರು ಹಿಡಿಗಳು ಹೆಡೆಯೆತ್ತಿದ ನಾಗರಗಳ ಆಕಾರದಲ್ಲಿವೆ, ಮುಚ್ಚಳದ ಮೇಲೆ ಆನೆ ನಿಂತಿದೆ. ಈ ಕಪ್ಪಿಗಾಗಿ ಮೊದಲ ಪಂದ್ಯ ನಡೆದದ್ದು 1879ರಲ್ಲಿ, ಎಡಿನ್‌ಬರೋದಲ್ಲಿ. ಅದು ಡ್ರಾ ಆಯಿತು. ವಿಲ್ಕಿನ್ಸನ್ ತಮ್ಮ ಮರುಪ್ರವೇಶದ ದಿನ ಆಡಿದ್ದು ನಮ್ಮ ದೇಶದ ಟಂಕಸಾಲೆಗಳಿಂದ ಹೊರಟ ಬೆಳ್ಳಿಗಾಗಿ ಎಂಬುದು ನನಗೆ ಸಂತೋಷ ಕೊಡುವ ಸಂಗತಿ.

ಪ್ರಶ್ನೆ: ನನ್ನ ಮಗ ಬ್ಯಾಡ್ಮಿಂಟನ್ ಆಡುತ್ತಾನೆ. ಒಂದು ಪಾಯಿಂಟ್ ತಪ್ಪಿದರೂ ರಾತ್ರಿ ಊಟ ಮಾಡುವುದಿಲ್ಲ. ವಿಲ್ಕಿನ್ಸನ್ ಅವರಂಥವರ ಕಥೆಯನ್ನು ಅವನಿಗೆ ಹೇಳಲೋ ಬೇಡವೋ? (ಗೃಹಿಣಿ, ಶಿವಮೊಗ್ಗ)

ಉತ್ತರ: ಹೇಳಿ, ಆದರೆ ಪೂರ್ತಿ ಹೇಳಿ. ಆರು ಒದೆತಗಳ ಕಥೆಯನ್ನಷ್ಟೇ ಹೇಳಿ ನಿಲ್ಲಿಸಿದರೆ ನಿಮ್ಮ ಮಗನಿಗೆ ಅದರಿಂದ ತೊಂದರೆಯೇ ಆದೀತು.

ತಪ್ಪೇ ಆಗಬಾರದೆಂಬ ಹಟ ತಮ್ಮನ್ನು ಒಳ್ಳೆಯ ಆಟಗಾರನನ್ನಾಗಿ ಮಾಡಿತು, ಅದೇ ಹಟ ತಮ್ಮ ನೆಮ್ಮದಿಯನ್ನೂ ಕಸಿದುಕೊಂಡಿತು ಎಂಬುದನ್ನು ವಿಲ್ಕಿನ್ಸನ್ ನಿವೃತ್ತಿಯ ನಂತರ ಹಲವು ಬಾರಿ ಬಿಚ್ಚುಮನಸ್ಸಿನಿಂದ ಹೇಳಿದ್ದಾರೆ. ಪಂದ್ಯಕ್ಕೆ ಮುನ್ನ ಆವರಿಸುತ್ತಿದ್ದ ಆತಂಕ, ಗೆದ್ದ ಮೇಲೂ ಮನಸ್ಸಿನಲ್ಲಿ ಉಳಿಯದ ಸಂತೋಷ, ಗಾಯದ ವರ್ಷಗಳಲ್ಲಿ ಎದುರಿಸಿದ ಖಿನ್ನತೆ ಇವೆಲ್ಲವನ್ನೂ ಅವರು ಮುಚ್ಚಿಡಲಿಲ್ಲ. ಬಾಲ್ಯದಿಂದ ಕನಸು ಕಂಡ ವಿಶ್ವಕಪ್ ಕೈಗೆ ಬಂದಾಗ, ಇನ್ನು ಮುಂದೇನು ಎಂಬ ಖಾಲಿತನ ಬಹುಬೇಗ ಮನಸ್ಸನ್ನು ಹೊಕ್ಕಿತು. ಒದೆಯಲಾಗದೆ ಮಲಗಿದ್ದ ದಿನಗಳಲ್ಲಿ, ಒದೆಯುವುದನ್ನು ಬಿಟ್ಟರೆ ತಾನು ಯಾರು ಎಂಬ ಪ್ರಶ್ನೆಗೆ ಉತ್ತರವಿರಲಿಲ್ಲ. ಅವರು ಓದತೊಡಗಿದರು, ಬೌದ್ಧ ಚಿಂತನೆಯ ಕಡೆಗೂ ಕ್ವಾಂಟಂ ಭೌತಶಾಸ್ತ್ರದ ಕಡೆಗೂ ಅವರ ಆಸಕ್ತಿ ಹರಿಯಿತು. ಈಗ ಆಟಗಾರರ ಮಾನಸಿಕ ಆರೋಗ್ಯದ ಬಗ್ಗೆ ಮಾತನಾಡುವುದು ಅವರ ಮುಖ್ಯ ಕೆಲಸಗಳಲ್ಲೊಂದು. ಇಂಗ್ಲೆಂಡ್ ತಂಡದಲ್ಲಿ ಒದೆಯುವವರಿಗೆ ಮಾರ್ಗದರ್ಶನವನ್ನೂ ಮಾಡಿದ್ದಾರೆ.

ನಿಮ್ಮ ಮಗ ಊಟ ಬಿಡುವುದನ್ನು ಶ್ರದ್ಧೆಯ ಗುರುತೆಂದು ಯಾರಾದರೂ ಹೊಗಳಿದರೆ ದಯವಿಟ್ಟು ಒಪ್ಪಬೇಡಿ. ತರಬೇತುದಾರರೊಂದಿಗೆ ಮಾತನಾಡಿ; ಇದು ಹೀಗೆಯೇ ಮುಂದುವರಿದರೆ ವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಕಾಣಲು ಹಿಂಜರಿಯಬೇಡಿ.

ಇದೇ ಉತ್ತರದಲ್ಲಿ ಇನ್ನೊಂದು ಮಾತನ್ನು ಹೇಳದೆ ಇರಲಾರೆ. ಸಿಡ್ನಿಯಲ್ಲಿ ಆ ಕೊನೆಯ ದಾಳಿಗೆ ಚೆಂಡನ್ನು ಎಸೆದುಕೊಟ್ಟ ಸ್ಟೀವ್ ಥಾಂಪ್ಸನ್ ಅವರ ಹೆಸರು ಮೇಲೆ ಬಂದಿದೆ. ಅವರಿಗೆ ನಲವತ್ತರ ಆಸುಪಾಸಿನಲ್ಲಿಯೇ ಡಿಮೆನ್ಷಿಯಾ ಇರುವುದು ಪತ್ತೆಯಾಯಿತು. 2020ರಲ್ಲಿ ಅದನ್ನು ಬಹಿರಂಗವಾಗಿ ಹೇಳಿದಾಗ, ತಾವು ವಿಶ್ವಕಪ್ ಗೆದ್ದದ್ದೇ ನೆನಪಿಲ್ಲ ಎಂದರು. ತಲೆಗೆ ಮತ್ತೆ ಮತ್ತೆ ಬಿದ್ದ ಪೆಟ್ಟುಗಳು ಇದಕ್ಕೆ ಕಾರಣವೆಂದು ಅವರೂ ಅವರಂತೆಯೇ ಬಳಲುತ್ತಿರುವ ಇತರ ಮಾಜಿ ಆಟಗಾರರೂ ಕಾನೂನು ಹೋರಾಟಕ್ಕೆ ಇಳಿದಿದ್ದಾರೆ. ಇಂಗ್ಲೆಂಡಿನಲ್ಲಿ ಲಕ್ಷಾಂತರ ಜನರಿಗೆ ನೆನಪಿರುವ ಆ ಕ್ಷಣ, ಅದನ್ನು ಕಟ್ಟಿಕೊಟ್ಟವರಲ್ಲಿ ಒಬ್ಬರಿಗೆ ಇಲ್ಲವಾಗಿದೆ. ವೃತ್ತಿಪರ ರಗ್ಬಿಯ ಮೊದಲ ತಲೆಮಾರು ದೇಹದಿಂದ ತೆತ್ತ ಬೆಲೆಯನ್ನು ಬಿಟ್ಟು ಆ ತಲೆಮಾರಿನ ಯಾರ ವೃತ್ತಿಜೀವನವನ್ನೂ ಬರೆಯಲು ನನಗೆ ಮನಸ್ಸು ಬರುವುದಿಲ್ಲ.

ಪ್ರಶ್ನೆ: ಅವರು ಆಟವನ್ನು ಬಿಟ್ಟದ್ದು ಯಾವಾಗ? ದಾಖಲೆಗಳು ಉಳಿದಿವೆಯೇ? (ನಿವೃತ್ತ ಅಂಚೆ ನೌಕರರು, ಕಾರವಾರ)

ಉತ್ತರ: ಅಂತರರಾಷ್ಟ್ರೀಯ ರಗ್ಬಿಗೆ 2011ರ ಡಿಸೆಂಬರ್‌ನಲ್ಲಿ ವಿದಾಯ ಹೇಳಿದರು. ಇಂಗ್ಲೆಂಡ್ ಪರ 91 ಹಾಗೂ ಲಯನ್ಸ್ ಪರ 6 ಟೆಸ್ಟ್‌ಗಳಲ್ಲಿ ಒಟ್ಟು 1,246 ಅಂಕ. ಇದನ್ನು ನ್ಯೂಜಿಲೆಂಡಿನ ಡ್ಯಾನ್ ಕಾರ್ಟರ್ 1,598 ಅಂಕಗಳೊಂದಿಗೆ ಹಿಂದಿಕ್ಕಿದ್ದಾರೆ. ವಿಶ್ವಕಪ್‌ಗಳಲ್ಲಿ ವಿಲ್ಕಿನ್ಸನ್ ಗಳಿಸಿದ 277 ಅಂಕಗಳನ್ನು ಇದುವರೆಗೆ ಯಾರೂ ದಾಟಿಲ್ಲ.

ದೇಶದ ಪರ ಆಡುವುದನ್ನು ನಿಲ್ಲಿಸುವ ಮೊದಲೇ, 2009ರಲ್ಲಿ, ಅವರು ಫ್ರಾನ್ಸ್‌ನ ಬಂದರು ನಗರ ತುಲೋನ್‌ನ ಕ್ಲಬ್ ಸೇರಿದ್ದರು. ಗಾಯಗಳಿಂದ ಜರ್ಜರಿತವಾದ ದೇಹಕ್ಕೆ ಅಲ್ಲಿ ಎರಡನೆಯ ಜೀವ ಬಂತು ಎನ್ನಬೇಕು. ಫ್ರೆಂಚ್ ಕಲಿತರು, ಸಂದರ್ಶನಗಳನ್ನು ಆ ಭಾಷೆಯಲ್ಲಿಯೇ ಕೊಟ್ಟರು. ಇಂಗ್ಲೆಂಡ್ ಎಂದರೆ ಮೂಗು ಮುರಿಯುವ ಫ್ರೆಂಚ್ ರಗ್ಬಿ ಪ್ರೇಮಿಗಳು ಅವರನ್ನು ತಮ್ಮವರೆಂದು ಒಪ್ಪಿಕೊಂಡರು. 2013ರಲ್ಲಿ ತುಲೋನ್ ಯುರೋಪಿನ ಕ್ಲಬ್‌ಗಳ ದೊಡ್ಡ ಪ್ರಶಸ್ತಿಯಾದ ಹೈನೆಕೆನ್ ಕಪ್ಪನ್ನು 16–15ರ ಒಂದೇ ಅಂಕದ ಅಂತರದಲ್ಲಿ ಗೆದ್ದಿತು. ಮರುವರ್ಷ ಮೇ 24ರಂದು, ಅವರ 35ನೇ ಹುಟ್ಟುಹಬ್ಬದ ಹಿಂದಿನ ದಿನ, ಕಾರ್ಡಿಫ್‌ನಲ್ಲಿ ಆ ಕಪ್ ಮತ್ತೆ ತುಲೋನ್‌ಗೇ ಬಂತು. ಒಂದು ವಾರದ ನಂತರ, ಮೇ 31ರಂದು, ಪ್ಯಾರಿಸ್ ಬಳಿಯ ಸ್ಟಾಡ್ ದ ಫ್ರಾನ್ಸ್ ಅಂಗಣದಲ್ಲಿ ಫ್ರೆಂಚ್ ಲೀಗಿನ ಫೈನಲ್ ಆಡಿದರು. 2007ರಲ್ಲಿ ಅವರು ವಿಶ್ವಕಪ್ ಫೈನಲ್ ಸೋತದ್ದು ಇದೇ ಅಂಗಣದಲ್ಲಿ. ಈ ಬಾರಿ ತುಲೋನ್ ತಂಡ ಕಾಸ್ತ್ರ್ ತಂಡವನ್ನು 18–10ರಿಂದ ಸೋಲಿಸಿ, 1992ರ ನಂತರ ಮೊದಲ ಬಾರಿಗೆ ಲೀಗ್ ಪ್ರಶಸ್ತಿ ಪಡೆಯಿತು. ಅದೇ ಅವರ ಕೊನೆಯ ಪಂದ್ಯ. 18ರಲ್ಲಿ 15 ಅಂಕ ಅವರು ಗಳಿಸಿದ್ದು: ನಾಲ್ಕು ಪೆನಾಲ್ಟಿ, ಒಂದು ಡ್ರಾಪ್ ಗೋಲ್.